ಟೋಕನ್ ಅಕ್ಕನ ಉಪ್ಪುನೀರಿನ ಸಂಸಾರ

ಟೋಕನ್ ಅಕ್ಕ ಆ ಹಲ್ಲಿನ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ಕೆಲಸ ಕೇಳಿಕೊಂಡಲ್ಲ, ದವಡೆಹಲ್ಲು ಕೀಳಿಸಿಕೊಳ್ಳಲು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಡಾಕ್ಟರು ಇನ್ನೂ ಬಂದಿರಲಿಲ್ಲ. ಹೊರಗಿನ ಕೋಣೆಯಲ್ಲಿ ಕುರ್ಚಿ ಒಂಬತ್ತು, ಜನ ಹದಿನಾಲ್ಕು. ಯಾರು ಮೊದಲು ಬಂದವರು ಎಂಬುದಕ್ಕೆ ಜಗಳ ಹತ್ತಿಕೊಂಡು, ಬಾಯಿ ತೆರೆಯಲಾರದಷ್ಟು ನೋವೆಂದು ಬಂದವರೆಲ್ಲ ಬಾಯಿ ಹರಿಯುವಂತೆ ಕೂಗಾಡುತ್ತಿದ್ದರು. ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಆಕೆ ಎದ್ದಳು. ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದಳು. ತಾರೀಖುಗಳನ್ನು ಒಂದೊಂದಾಗಿ ಬಿಡಿಸಿ, ಬಂದವರ ಕೈಗೆ ಬಂದ ಕ್ರಮದಲ್ಲೇ ಒಂದೊಂದು ಚೂರು ಇಟ್ಟಳು. ಎಲ್ಲರೂ ಬಂದದ್ದನ್ನು ನೋಡಿದ್ದವಳೆಂದರೆ ಮೊದಲು ಬಂದವಳು ತಾನೇ ಅಲ್ಲವೇ? ಒಂದನೇ ತಾರೀಖು ತನಗೇ ಇಟ್ಟುಕೊಂಡಳು. ಯಾರೂ ತಕರಾರು ಎತ್ತಲಿಲ್ಲ.

ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ದೊಡ್ಡ ಡಾಕ್ಟರು, ಆಕೆಯ ಹಲ್ಲು ಕಿತ್ತು ಹತ್ತಿ ಕಚ್ಚಿಸಿದ ಮೇಲೆ ಕೇಳಿದರು: "ನಾಳೆಯಿಂದ ಕೆಲಸಕ್ಕೆ ಬರ್ತೀಯೇನಮ್ಮ?" ಬಾಯಲ್ಲಿ ಹತ್ತಿ ಇದ್ದದ್ದರಿಂದ ಇಲ್ಲ ಎನ್ನಲು ಆಗಲಿಲ್ಲ.

ಅಂದಿನಿಂದ ಆ ಕೋಣೆಯ ಆಡಳಿತ ಆಕೆಯದು. ಮೊದಲು ಬಂದವರಿಗೆ ಮೊದಲು, ಇದೊಂದೇ ಕಾನೂನು. ಆದರೆ ಯಾರನ್ನು ಯಾರ ಪಕ್ಕ ಕೂರಿಸಬೇಕು ಎನ್ನುವುದು ಬೇರೆಯೇ ವಿದ್ಯೆ, ಅದನ್ನೂ ಆಕೆ ಕರಗತ ಮಾಡಿಕೊಂಡಿದ್ದಳು. ಮಾತು ಬಿಟ್ಟ ಓರಗಿತ್ತಿಯರನ್ನು ಎದುರುಬದುರು ಕೂರಿಸಬಾರದು, ಪಕ್ಕಪಕ್ಕ ಕೂರಿಸಬಹುದು. ಪಕ್ಕದಲ್ಲಿದ್ದರೆ ಮುಖ ಕಾಣುವುದಿಲ್ಲ. ತನ್ನ ಹಲ್ಲಿನ ಬೇರಿನ ಕಥೆಯನ್ನು ಬಿಡಿಬಿಡಿಸಿ ಹೇಳುವವರನ್ನು ಕಿವಿ ಮಂದವಾದವರ ಪಕ್ಕ ಹಾಕಬೇಕು. ಟೈಲರನ್ನೂ, ಟೈಲರ್ ಯಾರ ಪ್ಯಾಂಟನ್ನು ಗಿಡ್ಡ ಮಾಡಿದ್ದನೋ ಅವರನ್ನೂ ಒಂದೇ ದಿನ ಬರಲು ಹೇಳಲೇಬಾರದು.

ದೊಡ್ಡ ಡಾಕ್ಟರು ಕೆಲಸ ಬಿಟ್ಟ ಮೇಲೆ ಅವರ ಮಗ ಬಂದರು. ಚಿಕ್ಕ ಡಾಕ್ಟರು ಕೈಯಲ್ಲಿ ಜಾಣರು, ಎದೆಯಲ್ಲಿ ಪುಕ್ಕಲು. ಹಲ್ಲು ಕೀಳುವ ಗಳಿಗೆಯಲ್ಲಿ ರೋಗಿಗಿಂತ ಮೊದಲು ತಾವೇ ಕಣ್ಣು ಮುಚ್ಚುತ್ತಿದ್ದರು. ಒಂದು ಸೋಮವಾರ ಇಬ್ಬರು ಕೂಲಿಯವರ ಕೈಲಿ ಎಂಬತ್ತು ಲೀಟರಿನ ಗಾಜಿನ ತೊಟ್ಟಿ ಹೊರಿಸಿಕೊಂಡು ಬಂದು, ಸೀದಾ ಟೋಕನ್ ಅಕ್ಕನ ಮೇಜಿನ ಮೇಲೆ ಇಡಿಸಿದರು.

"ಮೀನು ನೋಡ್ತಾ ಕೂತ್ರೆ ಭಯ ಕಡಿಮೆ ಆಗುತ್ತಂತೆ ಅಕ್ಕಾ."

"ಯಾರ ಭಯ ಡಾಕ್ಟ್ರೇ?"

ಅವರು ಸ್ವಲ್ಪ ಯೋಚಿಸಿ, "ಎಲ್ಲರದ್ದೂ" ಎಂದರು. ಬರಿಯ ಬಣ್ಣದ ಮೀನಿನ ತೊಟ್ಟಿಯಲ್ಲ, ಸಮುದ್ರದ ತುಣುಕು ಬೇಕು: ಉಪ್ಪುನೀರು, ಹವಳ, ಅದರೊಳಗಿನ ಮೀನು. ಯಾವ ಮೀನು ಎಂಬುದನ್ನು ಅಕ್ಕನೇ ಆರಿಸಬೇಕು. "ಯಾರ ಜೊತೆ ಯಾರು ಹೊಂದ್ಕೋತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೊಗಳಿದರೆ ಇಲ್ಲ ಎನ್ನುವುದು ಹತ್ತಿ ಕಚ್ಚಿಕೊಂಡು ಇಲ್ಲ ಎನ್ನುವುದಕ್ಕಿಂತ ಕಷ್ಟ. ಅದೇ ಸಂಜೆ ಆಕೆ ಎರಡು ಬೀದಿಯಾಚೆಯ ಸಾಕುಮೀನಿನ ಅಂಗಡಿಗೆ ಹೋದಳು. ಅದರ ಯಜಮಾನರಿಗೆ ಊರವರೆಲ್ಲ ಉಪ್ಪುನೀರಿನವರು ಎನ್ನುತ್ತಿದ್ದರು, ಸಿಹಿನೀರಿನ ಮೀನನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಡಿ ಇಟ್ಟದ್ದು ಮಾರುವುದಕ್ಕೋ, ಮಾರದೇ ಇರುವುದಕ್ಕೋ ಎಂದು ಅನುಮಾನ ಬರುವಂಥ ಮನುಷ್ಯ.

ಡಾಕ್ಟರು ಬರೆದುಕೊಟ್ಟ ಪಟ್ಟಿಯನ್ನು ಆಕೆ ಓದಿದಳು. ಹಳದಿ ಟ್ಯಾಂಗ್?

"ಅದಕ್ಕೆ ಓಡಾಡೋಕೆ ಮೈದಾನ ಬೇಕು. ನಿಮ್ಮದು ಊಟದ ಡಬ್ಬಿ."

ಚಿಟ್ಟೆಮೀನು?

"ಹವಳ ತಿಂದುಬಿಡುತ್ತೆ. ಬಾಡಿಗೆಗೆ ಬಂದವರು ಗೋಡೆ ತಿಂದ ಹಾಗೆ."

ಮ್ಯಾಂಡರಿನ್?

"ಅದು ತಿನ್ನೋದು ಕಲ್ಲಿನ ಮೇಲಿನ ಕಣ್ಣಿಗೆ ಕಾಣದ ಹುಳ. ನಿಮ್ಮ ತೊಟ್ಟಿಯ ಹುಳ ಎರಡು ವಾರಕ್ಕೆ ಮುಗೀತದೆ. ಆಮೇಲೆ ನಿಮ್ಮ ರೋಗಿಗಳು ಅದರ ಉಪವಾಸ ನೋಡ್ತಾ ಕೂರಬೇಕು."

ಪಟ್ಟಿ ಮುಗಿಯಿತು. ಉಪ್ಪುನೀರಿನವರು ಕನ್ನಡಕ ಒರೆಸಿಕೊಂಡರು. "ನೋಡೀಮ್ಮ, ನಾನು ಕೇಳೋದು ಮೂರೇ. ಏನು ತಿನ್ನುತ್ತೆ, ಎಷ್ಟು ದೊಡ್ಡದಾಗುತ್ತೆ, ಎಲ್ಲಿ ಮಲಗುತ್ತೆ. ಬಣ್ಣ ಆಮೇಲೆ. ಸಾಧುಗಳನ್ನ ಮೊದಲು ಬಿಡ್ಬೇಕು, ಜಗಳಗಂಟರನ್ನ ಕೊನೆಗೆ. ನಿಮ್ಮ ತೊಟ್ಟಿಗೆ ನಾಲ್ಕು ಜೀವ. ಐದನೇದು ಕೇಳಬೇಡಿ. ಅದಕ್ಕೂ ಮೊದಲು ಒಂದು ತಿಂಗಳು ಬರೀ ನೀರು, ಕಲ್ಲು."

"ಮೀನಿಲ್ಲದೆ?"

"ಮೀನಿಲ್ಲದೆ. ನೀರು ಹಣ್ಣಾಗಬೇಕು."

ಹೀಗೆ ಕ್ಲಿನಿಕ್ಕಿಗೆ ಬಂದವರೆಲ್ಲ ವಾರಗಟ್ಟಲೆ ಕಲ್ಲು ನೋಡಿದರು. ತೊಟ್ಟಿ ಮೇಜಿನ ಮುಕ್ಕಾಲು ಪಾಲು ನುಂಗಿತ್ತು. ಅಕ್ಕನ ಮುಖ ಈಗ ನೀರಿನಾಚೆಯಿಂದ, ಒಮ್ಮೆ ಅಗಲವಾಗಿ ಒಮ್ಮೆ ಉದ್ದವಾಗಿ ಕಾಣುತ್ತಿತ್ತು. ಹೊಸದಾಗಿ ಬಂದ ಒಂದು ಮಗು ಆಕೆಯನ್ನೇ ಮೀನೆಂದುಕೊಂಡು ಗಾಜು ತಟ್ಟಿತು. ಮೀನೆಲ್ಲಿ ಎಂದವರಿಗೆಲ್ಲ ಆಕೆ ಗಂಭೀರವಾಗಿ, "ನೀರು ಹಣ್ಣಾಗ್ತಿದೆ" ಎಂದು ಹೇಳಿ ಟೋಕನ್ ಕೊಡುತ್ತಿದ್ದಳು.

ಕಲ್ಲು ನೋಡಲು ದಿನವೂ ಬರುತ್ತಿದ್ದವರು ಒಬ್ಬರೇ, ಸೆಟ್ಟು ಮೇಷ್ಟ್ರು. ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲದ, ಮೇಲೂ ಕೆಳಗೂ ಕಟ್ಟಿಸಿಕೊಂಡ ಸೆಟ್ಟು ಇದ್ದ, ನಿವೃತ್ತ ಗಣಿತದ ಮೇಷ್ಟ್ರು. ಡಾಕ್ಟರಿಗೆ ಅವರ ಬಾಯಲ್ಲಿ ಮಾಡುವಂಥದ್ದೇನೂ ಉಳಿದಿರಲಿಲ್ಲ. ಆದರೂ ಬಂದು ಟೋಕನ್ ತೆಗೆದುಕೊಂಡು, ತಮ್ಮ ನಂಬರು ಕೂಗಿದಾಗ "ಮುಂದಿನವರು ಹೋಗ್ಲಿ" ಎಂದು ಉದಾರವಾಗಿ ಕೈ ಬೀಸುತ್ತಿದ್ದರು. ಮೂರನೆಯ ವಾರ ಅವರು ಕಲ್ಲಿನ ಹಿಂದೆ ಮೀನು ಕಂಡೆ ಎಂದರು. ಇಲ್ಲ ಎಂದರೆ ನೊಂದುಕೊಳ್ಳುತ್ತಾರೆಂದು ಪಕ್ಕದ ಇಬ್ಬರೂ ತಮಗೂ ಕಂಡಿತು ಎಂದರು.

ಇಪ್ಪತ್ತಾರನೆಯ ದಿನಕ್ಕೆ ಚಿಕ್ಕ ಡಾಕ್ಟರ ತಾಳ್ಮೆ ಮುಗಿಯಿತು. ಬೇರೆ ಯಾವುದೋ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೆಬ್ಬೆರಳುದ್ದದ ಒಂದು ನೀಲಿ ಮೀನು ತಂದು, ಅಕ್ಕ ಊಟಕ್ಕೆ ಹೋಗಿದ್ದಾಗ ತೊಟ್ಟಿಗೆ ಬಿಟ್ಟೇಬಿಟ್ಟರು.

ನೋಡಲು ನೀಲಮಣಿ. ಹದಿನೈದು ನಿಮಿಷದಲ್ಲಿ ತೊಟ್ಟಿಯ ಉದ್ದಗಲ ಅಳೆದು, ಮಧ್ಯದ ದೊಡ್ಡ ಕಲ್ಲಿನ ಪೊಟರೆಯನ್ನು ಸ್ವಂತ ಮಾಡಿಕೊಂಡಿತು. ಆಮೇಲೆ ಗಸ್ತು ತಿರುಗಲು ಶುರು. ಗಾಜಿನ ಹತ್ತಿರ ಯಾರ ಮೂಗು ಬಂದರೂ ಅದಕ್ಕೆ ಗುದ್ದುತ್ತಿತ್ತು. ಮೇಷ್ಟ್ರು ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಅಕ್ಕ ಹೇಳಿದ ಗುರುತು ಕೇಳಿ ಉಪ್ಪುನೀರಿನವರು ತಲೆಯ ಮೇಲೆ ಕೈ ಹೊತ್ತರು.

"ನೀಲಿ ಡ್ಯಾಮ್ಸೆಲ್ಲಾ? ಕೊನೆಗೂ ಬಿಡಬಾರದವನನ್ನ ಮೊದಲು ಬಿಟ್ಟಿರಾ?"

ಆದರೂ ಅವರು ಎರಡು ಜೋಕರ್ ಮೀನು ಕೊಟ್ಟರು. ಕಿತ್ತಳೆ ಮೈ, ಬಿಳಿ ಪಟ್ಟೆ, ಗಂಡಹೆಂಡಿರಾಗಿ ಹೊಂದಿಕೊಂಡು ಬಾಳುವ ಜಾತಿ. ಸಾಧುಗಳು. ಇನ್ಸ್‌ಪೆಕ್ಟರ್ ಒಂದೇ ಮಧ್ಯಾಹ್ನದಲ್ಲಿ ಇಬ್ಬರನ್ನೂ ಅಟ್ಟಾಡಿಸಿ, ನೀರು ಬೆಚ್ಚಗಿಡುವ ಹೀಟರಿನ ಹಿಂದಿನ ಎರಡು ಬೆರಳಗಲದ ಸಂದಿಗೆ ತಳ್ಳಿತು. ಅಲ್ಲಿಂದ ಒಂದು ಮೂಗು ಹೊರಬಂದರೆ ಸಾಕು, ಬಾಣದಂತೆ ಬರುತ್ತಿತ್ತು.

ಭಯ ಕಡಿಮೆ ಮಾಡಲು ತಂದ ತೊಟ್ಟಿ ಕೋಣೆಯಲ್ಲಿ ಇಲ್ಲದ ಭಯವನ್ನೂ ಹುಟ್ಟಿಸಿತು. ಹಲ್ಲು ತೊಳೆಸಲು ಬಂದ ಹೆಂಗಸೊಬ್ಬಳು ಜೋಕರ್ ದಂಪತಿಯ ಅವಸ್ಥೆ ನೋಡಿ ಬಿಕ್ಕಿಬಿಕ್ಕಿ ಅತ್ತು, ಹಲ್ಲು ತೊಳೆಸದೆ ವಾಪಸು ಹೋದಳು. ಟೈಲರ್ ಇನ್ಸ್‌ಪೆಕ್ಟರ್ ಪರ, ಅಂಚೆಯವರು ಜೋಕರ್ ಪರ. ಇಬ್ಬರಿಗೂ ಅಲ್ಲಿಯವರೆಗೆ ಪರಿಚಯವೇ ಇರಲಿಲ್ಲ, ಈಗ ಬದ್ಧ ವೈರಿಗಳು. ಯಾರನ್ನು ಎಲ್ಲಿ ಕೂರಿಸಬೇಕೆಂಬ ಅಕ್ಕನ ಇಪ್ಪತ್ತೆರಡು ವರ್ಷದ ಲೆಕ್ಕ ಬುಡಮೇಲಾಯಿತು.

ಉಪ್ಪುನೀರಿನವರು ಒಂದು ಉಪಾಯ ಹೇಳಿದರು. "ಕಲ್ಲುಗಳನ್ನೆಲ್ಲ ಜಾಗ ಬದಲಾಯಿಸಿ. ತನ್ನ ಮನೆ ಯಾವುದು ಅಂತ ಗೊತ್ತಾಗದೆ ಪೆಚ್ಚಾಗುತ್ತೆ. ಜೋರು ಇಳಿಯುತ್ತೆ."

ಅಕ್ಕ ಇದನ್ನು ಅಂದು ಮನೆಯಲ್ಲಿ ಅತ್ತೆಯ ಮುಂದೆ ಹೇಳಿದಳು. ಅದೇ ತಪ್ಪಾದದ್ದು. ಅತ್ತೆ ಸೊಸೆ ಇಬ್ಬರಿಗೂ ಇದ್ದದ್ದು ಒಂದೇ ಅಡುಗೆಮನೆ, ಎರಡು ಒಲೆಯ ಒಂದು ಸ್ಟೌವ್. ಎಡಗಡೆಯ ದೊಡ್ಡ ಒಲೆ ಅತ್ತೆಯದು, ಬಲಗಡೆಯ ಪುಟ್ಟದು ಸೊಸೆಯದು ಎಂದು ಮದುವೆಯಾದ ವಾರವೇ ಗಡಿ ಬಿದ್ದಿತ್ತು. ಈಚೆಗೆ ಒಂದೆರಡು ವರ್ಷದಿಂದ ಸೊಸೆಯ ಪಾತ್ರೆ ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು. ಅತ್ತೆ ಮೀನಿನ ಕಥೆಯನ್ನು ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. "ಓಹೋ, ಹಾಗೋ" ಎಂದರು.

ಮಾರನೆಯ ಬೆಳಗ್ಗೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದ್ದವು. ಸಕ್ಕರೆಯ ಜಾಗದಲ್ಲಿ ಉಪ್ಪು, ಚಹಾಪುಡಿಯ ಜಾಗದಲ್ಲಿ ಸೋಪಿನ ಪುಡಿ, ಬೆಂಕಿಪೆಟ್ಟಿಗೆ ಎಲ್ಲಿದೆಯೋ ಪತ್ತೆಯೇ ಇಲ್ಲ.

"ಅತ್ತೆ, ಇದೇನಿದು?"

"ಏನಿಲ್ಲ ಕಣೇ. ನಿನ್ನ ಜೋರು ಇಳಿಯುತ್ತಾ ನೋಡ್ತಿದೀನಿ."

ಅರ್ಧ ದಿನ ಇಳಿದೇ ಇತ್ತು. ಉಪ್ಪಿನ ಚಹಾ ಕುಡಿದ ಗಂಡ ಚಪ್ಪಲಿ ಮೆಟ್ಟಿ ಹೊರಟುಹೋದ. ಕ್ಲಿನಿಕ್ಕಿನಲ್ಲಿ ಅಕ್ಕ ತೋಳು ಮಡಚಿ ಕಲ್ಲುಗಳ ಜಾಗ ಬದಲಾಯಿಸಿದಳು. ಇನ್ಸ್‌ಪೆಕ್ಟರ್ ಕೂಡ ಅರ್ಧ ದಿನ ಪೆಚ್ಚಾಗಿ ನಿಂತು, ಮಧ್ಯಾಹ್ನದ ಹೊತ್ತಿಗೆ ಜಾಗ ಬದಲಾದ ಕಲ್ಲುಗಳನ್ನೂ ಮೊದಲಿನಂತೆಯೇ ತನ್ನದಾಗಿಸಿಕೊಂಡಿತು. ಅಡುಗೆಮನೆಯಲ್ಲೂ ಹಾಗೆಯೇ ಆಯಿತು ಎಂದು ಅತ್ತೆ ನಂತರ ಎಲ್ಲರೊಡನೆ ಹೇಳಿಕೊಂಡರು.

ಇನ್ನು ಇನ್ಸ್‌ಪೆಕ್ಟರನ್ನು ಹೊರಗೆ ಹಾಕುವುದೊಂದೇ ದಾರಿ. ಆದರೆ ಸೆಟ್ಟು ಮೇಷ್ಟ್ರು ಎದ್ದು ನಿಂತರು.

"ಅನ್ಯಾಯ! ಮೊದಲು ಬಂದವರಿಗೆ ಮೊದಲು ಅನ್ನೋದು ನಿಮ್ಮದೇ ಕಾನೂನು. ಮೊದಲು ಬಂದವನು ಅವನು. ಟೋಕನ್ ನಂಬರ್ ಒಂದು!"

ಆ ಕಾನೂನಿನ ಮೇಲೆ ಅಕ್ಕ ಮಂತ್ರಿಯ ಸೋದರಮಾವನನ್ನು ಎರಡು ಗಂಟೆ ಕಾಯಿಸಿದ್ದಳು. ಸ್ವಂತ ಗಂಡನನ್ನು ಹನ್ನೊಂದನೆಯವನಾಗಿ ಕೂರಿಸಿದ್ದಳು. ಅದೊಂದು ಹೋದರೆ ತನ್ನ ಹತ್ತಿರ ಏನುಳಿಯಿತು? ಆ ದಿನವೆಲ್ಲ ಟೋಕನ್ ಕೊಡುವಾಗ ಕೈ ತಡೆಯುತ್ತಿತ್ತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೀಟರಿನ ಸಂದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಎರಡು ಕಿತ್ತಳೆ ಮುಖಗಳನ್ನು ಬಹಳ ಹೊತ್ತು ನೋಡಿದಳು.

ಮರುದಿನ ಮೇಷ್ಟ್ರು ಬರುವುದನ್ನೇ ಕಾದಿದ್ದು ಹೇಳಿದಳು: "ಮೊದಲು ಬಂದವರನ್ನ ಮೊದಲು ನೋಡ್ತೀವಿ ಅಂದಿದ್ದೀನಿ ಮೇಷ್ಟ್ರೇ. ಒಂಬತ್ತು ಕುರ್ಚಿನೂ ಮನೆಗೆ ಹೊತ್ಕೊಂಡು ಹೋಗಿ ಅಂದಿಲ್ಲ."

ಮೇಷ್ಟ್ರು ಬಾಯಿ ತೆರೆದರು. ಕೆಳಗಿನ ಸೆಟ್ಟು ಜಾರಿತು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ವಾದ ಮುಗಿದುಹೋಗಿತ್ತು.

ಮಧ್ಯಾಹ್ನ ಕ್ಲಿನಿಕ್ಕಿಗೆ ರಜೆ ಹಾಕಿ ಹಿಡಿಯುವ ಕೆಲಸ ಶುರುವಾಯಿತು. ಚಿಕ್ಕ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು, ಕೈಗೆ ಗ್ಲೌಸು ಹಾಕಿಕೊಂಡು, ಬಲೆಯೊಡನೆ ತೊಟ್ಟಿಗೆ ಬಗ್ಗಿದರು. ಬಲೆ ಎಡಕ್ಕೆ ಹೋದರೆ ಮೀನು ಬಲಕ್ಕೆ. ಒಂದು ಗಂಟೆಯಲ್ಲಿ ಡಾಕ್ಟರ ಅಂಗಿ, ಅಕ್ಕನ ಟೋಕನ್ ಪುಸ್ತಕ, ನೆಲ, ಮೂರು ಕುರ್ಚಿ ಒದ್ದೆಯಾದವು, ಮೀನು ಮಾತ್ರ ಸಿಗಲಿಲ್ಲ. ಕಲ್ಲನ್ನೇ ಹೊರಗೆತ್ತಿದರೆ, ಅದು ಕಲ್ಲಿನ ಪೊಟರೆಯೊಳಗೇ ಕಚ್ಚಿ ಕೂತು ಹೊರಬಂದು, ಗಾಳಿಯಲ್ಲೂ ತನ್ನ ಮನೆ ಬಿಡಲಿಲ್ಲ. ಹೆದರಿ ಕಲ್ಲನ್ನು ಮತ್ತೆ ನೀರಿಗಿಟ್ಟರು.

"ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ" ಎಂದು ಡಾಕ್ಟರು ಅಭ್ಯಾಸಬಲದಿಂದ ಕಲ್ಲಿಗೆ ಹೇಳಿದರು.

ಆ ಮಾತಿಗೆ ಅಕ್ಕನಿಗೆ ಏನೋ ಹೊಳೆಯಿತು. ಮೂಲೆಗೆಸೆದಿದ್ದ, ಬಾಯೊಳಗೆ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತಂದು ತೊಳೆದಳು. ಅಗಲ ಬಾಯಿಯ ಗಾಜಿನ ಭರಣಿಯನ್ನು ನೀರೊಳಗೆ ಅಡ್ಡ ಮಲಗಿಸಿ, ಅದರ ತಳದವರೆಗೆ ಕನ್ನಡಿ ತೂರಿಸಿ ಸುಮ್ಮನೆ ಹಿಡಿದಳು. ಇನ್ಸ್‌ಪೆಕ್ಟರ್ ನೋಡಿತು. ತನ್ನ ಸೀಮೆಯಲ್ಲಿ ಇನ್ನೊಬ್ಬ ನೀಲಿಯೇ? ಅದೇ ಸೊಕ್ಕು, ಅದೇ ಮೂತಿ! ಸಿಟ್ಟು ನೆತ್ತಿಗೇರಿ ಸೀದಾ ಭರಣಿಯೊಳಗೆ ನುಗ್ಗಿ ಕನ್ನಡಿಗೆ ಢೀ ಕೊಟ್ಟಿತು. ಅಕ್ಕ ಅಂಗೈಯಿಂದ ಭರಣಿಯ ಬಾಯಿ ಮುಚ್ಚಿದಳು.

ಉಪ್ಪುನೀರಿನವರು ಅದನ್ನು ತಮ್ಮ ದೊಡ್ಡ ತೊಟ್ಟಿಗೆ ಸೇರಿಸಿಕೊಂಡರು. ಮೇಷ್ಟ್ರು ಒಂದು ವಾರ ದುಃಖದಿಂದ ಕ್ಲಿನಿಕ್ಕಿಗೆ ಬರಲಿಲ್ಲ. ಜೋಕರ್ ದಂಪತಿ ಹೀಟರಿನ ಹಿಂದಿನಿಂದ ಹೊರಬರಲು ನಾಲ್ಕು ದಿನ ಯೋಚಿಸಿದರು. ಆಮೇಲೆ ಉಪ್ಪುನೀರಿನವರು ಉಳಿದಿಬ್ಬರನ್ನು ತಾವೇ ತಂದು ಬಿಟ್ಟರು: ಬೆರಳಿನಷ್ಟೇ ಇರುವ ಒಂದು ಗೋಬಿ ಮೀನು, ಒಂದು ಪಿಸ್ತೂಲ್ ಸಿಗಡಿ.

"ಗೋಬಿ ಅಂದ್ರೆ ಹೂಕೋಸಲ್ವೇ?" ಎಂದು ಮನೆಯಲ್ಲಿ ಅತ್ತೆ ಕೇಳಿದರು.

ಆ ಜೋಡಿಯ ಬಾಳು ನೋಡಲು ಸೊಗಸು. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಇಡೀ ದಿನ ಮರಳು ತೋಡಿ ಬಿಲ ಮಾಡುತ್ತದೆ. ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸಿಗಡಿ ಹೊರಬಂದಾಗಲೆಲ್ಲ ಒಂದು ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟುಕೊಂಡಿರುತ್ತದೆ. ಅಪಾಯವೆಂದರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಅಕ್ಕನಿಗೆ ಇದನ್ನು ನೋಡಿ ಕಣ್ಣು ತುಂಬಿ ಬಂತು. ಇಂಥ ಇಬ್ಬರು ರೋಗಿಗಳು ಈ ಕೋಣೆಗೆ ಒಮ್ಮೆಯೂ ಬಂದಿರಲಿಲ್ಲ.

ಆದರೆ ಉಪ್ಪುನೀರಿನವರು ಒಂದು ಮಾತು ಹೇಳಲು ಮರೆತಿದ್ದರು. ಪಿಸ್ತೂಲ್ ಸಿಗಡಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅದು ಏಡಿಯ ಇಕ್ಕಳದಂಥ ದೊಡ್ಡ ಕೊಂಬಿನಿಂದ ಚಿಟಿಕೆ ಹೊಡೆದರೆ, ಒಣಗಿದ ಮೂಳೆ ಮುರಿದಂತೆ 'ಟಕ್' ಎಂದು ಕೋಣೆಯೆಲ್ಲ ಕೇಳುತ್ತದೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ಕೇಳಬಾರದ ಸದ್ದು ಪ್ರಪಂಚದಲ್ಲಿ ಒಂದಿದ್ದರೆ ಅದು ಇದೇ. ಮೊದಲ ಸಲ ಕೇಳಿದಾಗ ಕಾಯುತ್ತಿದ್ದ ಏಳು ಜನರಲ್ಲಿ ಮೂವರು ಎದ್ದು ಹೋದರು.

ಅದೇ ಗುರುವಾರ ಬೀಗದವರು ಬಂದರು. ಬೀಗರಲ್ಲ, ಬೀದಿಯ ಕೊನೆಯಲ್ಲಿ ಬೀಗ ರಿಪೇರಿ ಮಾಡುವವರು. ಮೂರು ವರ್ಷದಿಂದ ಕೀಳಿಸಬೇಕಾಗಿದ್ದ ಹಲ್ಲನ್ನು ಮುಂದೂಡುತ್ತ ಬಂದಿದ್ದವರು, ಜೋಕರ್ ಮೀನಿನ ಆಟ ನೋಡಿ ಹೇಗೋ ಧೈರ್ಯ ತಂದುಕೊಂಡು ಒಳಗೆ ಹೋದರು. ಇಂಜೆಕ್ಷನ್ನಿಗೆ ದವಡೆ ಮರಗಟ್ಟಿತು. ಚಿಕ್ಕ ಡಾಕ್ಟರು ಇಕ್ಕಳದಿಂದ ಹಲ್ಲು ಹಿಡಿದರು. ರೂಢಿಯಂತೆ ಕಣ್ಣು ಮುಚ್ಚಿದರು. ಹೊರಗೆ ಸಿಗಡಿ ಹೊಡೆಯಿತು: ಟಕ್.

ಬೀಗದವರ ಮುಖ ಅರಳಿತು. "ಬಂತಲ್ಲಾ! ಏನು ಕೈ ಡಾಕ್ಟ್ರೇ ನಿಮ್ಮದು, ಒಂಚೂರೂ ಗೊತ್ತಾಗ್ಲಿಲ್ಲ!" ಕುರ್ಚಿಯಿಂದ ಇಳಿದು, ಕೈ ಮುಗಿದು, ಬಾಯಿಗೆ ತಾವೇ ಹತ್ತಿ ತುರುಕಿಕೊಂಡು ಹೊರಟುಹೋದರು. ಡಾಕ್ಟರು ಕಣ್ಣು ಬಿಟ್ಟು ನೋಡಿದರೆ ಇಕ್ಕಳ ಖಾಲಿ. ನೆಲದ ಮೇಲೆ, ತಟ್ಟೆಯಲ್ಲಿ, ತಮ್ಮ ಕಿಸೆಯಲ್ಲೂ ಹುಡುಕಿದರು. ಸಂಗತಿ ಅರ್ಥವಾಗುವಷ್ಟರಲ್ಲಿ ಬೀಗದವರು ಬೀದಿ ದಾಟಿದ್ದರು.

ಎರಡು ದಿನ ನಿದ್ದೆಗೆಟ್ಟ ಡಾಕ್ಟರು ಅಕ್ಕನನ್ನು ಬೀಗದಂಗಡಿಗೆ ಕಳಿಸಿದರು.

"ಹಲ್ಲು ಇನ್ನೂ ಬಾಯಲ್ಲೇ ಇದೆಯಂತೆ" ಎಂದಳು ಅಕ್ಕ.

"ತಮಾಷೆನಾ? ಮೂವತ್ತು ವರ್ಷ ಬೀಗದ ಕೆಲಸ ಮಾಡಿದ್ದೀನಿ. ಟಕ್ ಅಂದ್ರೆ ಬಿಟ್ಕೊಂಡಿತು ಅಂತಲೇ ಅರ್ಥ."

"ನಾಲಿಗೆ ಆಡಿಸಿ ನೋಡಿ."

ಅವರು ಆಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ಏನೋ ಇದೆ. ಹೊಸದು ಬಂದಿರಬೇಕು" ಎಂದರು.

ಹೊಸದೂ ನೋಯಲು ಶುರುವಾಗಿದೆ ಎಂದು ಅವರೇ ಮುಂದಿನ ವಾರ ಬಂದರು. ಈ ಸಲ ಒಂದು ಷರತ್ತು. ಸಿಗಡಿಯ ವಿಷಯವೆಲ್ಲ ಅವರಿಗೆ ಮೇಷ್ಟ್ರ ಬಾಯಿಂದ ತಿಳಿದಿತ್ತು. "ಕೀಲಿ ಕೈ ನಂದು, ಕೀಳೋ ಕೈ ನಿಮ್ಮದು, ನನಗೆ ನಂಬಿಕೆ ಇದೆ ಡಾಕ್ಟ್ರೇ. ಆದರೆ ಸಿಗಡಿ ಮೊದಲು ಹೊಡೀಲಿ, ಆಮೇಲೆ ಎಳೀರಿ. ಹೋದ ಸಲ ನೋವೇ ಆಗಿರಲಿಲ್ಲ."

ಹಾಗಾಗಿ ಎಲ್ಲರೂ ಕಾದರು. ಒಳಗೆ ಬೀಗದವರು ಬಾಯಿ ತೆರೆದು ಕೂತರು, ಡಾಕ್ಟರು ಇಕ್ಕಳ ಹಿಡಿದು ಕಣ್ಣು ಮುಚ್ಚಿ ನಿಂತರು. ನಡುವಿನ ಬಾಗಿಲು ತೆರೆದಿತ್ತು. ಹೊರಗೆ ಎಂಟು ಜನ ಉಸಿರು ಬಿಗಿಹಿಡಿದು ತೊಟ್ಟಿಯತ್ತ ನೋಡಿದರು. ಸಿಗಡಿ ಮರಳು ಹೊತ್ತು ಹಾಕುತ್ತಿತ್ತು. ಗೋಬಿ ಅತ್ತ ಇತ್ತ ನೋಡುತ್ತಿತ್ತು. ಐದು ನಿಮಿಷ. ಹತ್ತು ನಿಮಿಷ. ಅಕ್ಕ ಕಡ್ಡಿಯ ತುದಿಗೆ ಆಹಾರದ ಚೂರು ಸಿಕ್ಕಿಸಿ ಬಿಲದ ಬಾಗಿಲಲ್ಲಿ ಆಡಿಸಿದಳು. ಸಿಗಡಿ ಅದನ್ನು ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ ಇಸಿದುಕೊಂಡು ಒಳಗೆ ಹೋಯಿತು.

"ಆಯ್ತಾ?" ಎಂದು ಬಾಯಿ ತೆರೆದೇ ಬೀಗದವರು ಒಳಗಿನಿಂದ ಕೇಳಿದ್ದು "ಆಆಆ?" ಎಂದು ಕೇಳಿಸಿತು.

ಇಪ್ಪತ್ತು ನಿಮಿಷವಾಯಿತು. ಇಂಜೆಕ್ಷನ್ನಿನ ಜೋಮು ಇಳಿದರೆ ಮತ್ತೆ ಚುಚ್ಚಬೇಕು, ಚುಚ್ಚಲು ಡಾಕ್ಟರಿಗೆ ಮತ್ತೆ ಧೈರ್ಯ ಬರಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ರೋಗಿಗೂ ಸುಳ್ಳು ಹೇಳದಿದ್ದ ಅಕ್ಕ ಕೋಣೆಯ ಎಂಟೂ ಮುಖಗಳನ್ನು ಒಮ್ಮೆ ನೋಡಿದಳು. ತುಟಿಯ ಮೇಲೆ ಬೆರಳಿಟ್ಟಳು. ಡ್ರಾಯರಿನಿಂದ ಸ್ಟೇಪ್ಲರ್ ತೆಗೆದು, ಒಳಬಾಗಿಲ ಹತ್ತಿರ ಹೋಗಿ, ಒಂದೇ ಸಲ ಬಲವಾಗಿ ಒತ್ತಿದಳು.

ಟಕ್.

ಡಾಕ್ಟರು ಎಳೆದರು. ಈ ಸಲ ಇಕ್ಕಳದಲ್ಲಿ ಮೂರು ಬೇರಿನ ಹಲ್ಲು ಇತ್ತು. ಬೀಗದವರಿಗೆ ಗೊತ್ತೇ ಆಗಲಿಲ್ಲ. ಹೊರಗೆ ಕಾದಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು.

ಬೀಗದವರು ಬಾಯಲ್ಲಿ ಹತ್ತಿ ಇಟ್ಟುಕೊಂಡು ಹೊರಬಂದರು. ಸೀದಾ ತೊಟ್ಟಿಯ ಮುಂದೆ ನಿಂತು, ಬಗ್ಗಿ, ಗಾಜಿಗೆ ಮುಖ ತಾಗಿಸಿ, ಬಿಲದ ಕಡೆಗೆ ಎರಡೂ ಕೈ ಮುಗಿದರು. ಅಕ್ಕ ಸ್ಟೇಪ್ಲರನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಸಿಗಡಿ ಬಾಗಿಲಿಗೆ ಬಂತು, ಎದುರಿಗಿದ್ದ ದೊಡ್ಡ ಮುಖವನ್ನು ಅದರ ಮಬ್ಬುಗಣ್ಣಿನಿಂದ ಏನೆಂದು ತಿಳಿಯಿತೋ ಏನೋ, ಕೊಂಬು ಎತ್ತಿ ಹೊಡೆಯಿತು: ಟಕ್.

ಬೀಗದವರು ಬೆಚ್ಚಿಬಿದ್ದು ಇನ್ನೊಂದು ಕೆನ್ನೆ ಹಿಡಿದುಕೊಂಡರು.